ಬ್ಲ್ಯಾಕ್‌ಮೋರ್ ಬಿಟ್ಟುಹೋದ ಮೇಲಿನ ಡೀಪ್ ಪರ್ಪಲ್

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮುಖ್ಯವಾಗಿ ಒಂದು ಆಲ್ಬಮ್ ಬಗ್ಗೆ ಮಾತಾಡುತ್ತೇನೆ. ಹೆಸರು ‘ಪರ್ಪೆಂಡಿಕ್ಯುಲರ್’. ಇಂಗ್ಲೆಂಡಿನ ಹಾರ್ಡ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಇದನ್ನು 1996ರ ಫೆಬ್ರವರಿಯಲ್ಲಿ ಹೊರತಂದಿತು. ನಿಮ್ಮಲ್ಲಿ ತುಂಬ ಜನರಿಗೆ ಡೀಪ್ ಪರ್ಪಲ್ ಗೊತ್ತಿರುತ್ತದೆ, ಈ ಆಲ್ಬಮ್ ಗೊತ್ತಿರುವುದಿಲ್ಲ. ಅದರಲ್ಲಿ ಆಶ್ಚರ್ಯ ಏನಿಲ್ಲ. ಅದು ದೊಡ್ಡ ಹಿಟ್ ಆಗಲಿಲ್ಲ. ಆದರೆ ಆ ಬ್ಯಾಂಡ್ 2024ರಲ್ಲೂ ಹೊಸ ಆಲ್ಬಮ್ ಮಾಡುವಷ್ಟು ಗಟ್ಟಿಯಾಗಿ ಉಳಿದಿದ್ದರೆ, ಅದಕ್ಕೆ ಈ ಆಲ್ಬಮ್ಮೇ ಕಾರಣ ಅಂತ ನನ್ನ ವಾದ.

1993ರ ನವೆಂಬರ್ 17. ಫಿನ್ಲೆಂಡಿನ ಹೆಲ್ಸಿಂಕಿ. ಗಿಟಾರಿಸ್ಟ್ ರಿಚೀ ಬ್ಲ್ಯಾಕ್‌ಮೋರ್ ಆ ರಾತ್ರಿ ಡೀಪ್ ಪರ್ಪಲ್ ಜೊತೆ ಕೊನೆಯ ಸಲ ನುಡಿಸಿದರು. ಬ್ಯಾಂಡ್ ಬಿಡುತ್ತೇನೆ ಎಂದು ಪ್ರವಾಸದ ನಡುವೆಯೇ ತಿಳಿಸಿಬಿಟ್ಟಿದ್ದರು. ಡಿಸೆಂಬರ್‌ನಲ್ಲಿ ಜಪಾನಿನ ಸಂಗೀತ ಕಚೇರಿಗಳು ಕಾದಿದ್ದವು. ಆ ಹೊತ್ತಿಗೆ ಬ್ಯಾಂಡಿಗೆ 25 ವರ್ಷ ತುಂಬಿತ್ತು. ಜಗತ್ತಿನ ಯಾವ ಊರಿನ ಗಿಟಾರ್ ಅಂಗಡಿಗೆ ಹೋದರೂ ಹುಡುಗರು ಮೊದಲು ನುಡಿಸುವ ನಾಲ್ಕು ಸ್ವರದ ಆ ತುಣುಕು, ‘ಸ್ಮೋಕ್ ಆನ್ ದ ವಾಟರ್’ ಹಾಡಿನದು, ಇದೇ ಬ್ಲ್ಯಾಕ್‌ಮೋರ್ ಅವರ ಬೆರಳಿನಿಂದ ಬಂದದ್ದು. ಅಂಥವರು ಹೊರಟರೆ ಉಳಿಯುವುದು ಏನು?

ಇದಕ್ಕೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಬ್ಯಾಂಡಿನ ಹಾಡುಗಳು ಹೇಗೆ ಹುಟ್ಟುತ್ತಿದ್ದವು ಅನ್ನುವುದನ್ನು ನೋಡಬೇಕು.

1971ರ ಡಿಸೆಂಬರ್. ಸ್ವಿಟ್ಜರ್ಲೆಂಡಿನ ಮಾಂಟ್ರೂ ಊರು, ಜಿನೀವಾ ಸರೋವರದ ದಂಡೆ. ಅಲ್ಲಿನ ಕ್ಯಾಸಿನೋದಲ್ಲಿ ‘ಮಷೀನ್ ಹೆಡ್’ ಆಲ್ಬಮ್ ರೆಕಾರ್ಡ್ ಮಾಡಬೇಕು ಎಂದು ಐದೂ ಜನ ಬಂದಿಳಿದರು. ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಜಾಪಾ ಅವರ ಕಚೇರಿ. ಪ್ರೇಕ್ಷಕರಲ್ಲಿ ಯಾರೋ ಫ್ಲೇರ್ ಗನ್, ಅಂದರೆ ಉರಿಯುವ ಸಂಕೇತ ಹಾರಿಸುವ ಪಿಸ್ತೂಲು, ಹಾರಿಸಿದರು. ಕ್ಯಾಸಿನೋ ಸುಟ್ಟು ಹೋಯಿತು. ಸರೋವರದ ಮೇಲೆ ಹೊಗೆ ಹರಡಿತು. ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಕಥೆ ಇಷ್ಟೇ. ಅದರಲ್ಲಿ ಗೂಢಾರ್ಥ ಏನೂ ಇಲ್ಲ. ಕಣ್ಣೆದುರು ಕಂಡದ್ದನ್ನು ವರದಿ ಬರೆದ ಹಾಗೆ ಬರೆದಿದ್ದಾರೆ.

ನನಗೆ ಆಸಕ್ತಿ ಇರುವುದು ಅದರ ನಂತರದ ಕಥೆಯಲ್ಲಿ. ಮೊದಲು ಪೆವಿಲಿಯನ್ ಅನ್ನುವ ಒಂದು ಸಭಾಂಗಣಕ್ಕೆ ಹೋದರು. ಅಲ್ಲಿ ಈ ಹಾಡಿನ ಸಂಗೀತ ರೆಕಾರ್ಡ್ ಆಗುತ್ತಿದ್ದಾಗ, ಗಲಾಟೆ ತಾಳಲಾರದೆ ಊರಿನವರು ಪೊಲೀಸರನ್ನು ಕರೆದರು. ಪೊಲೀಸರು ಬಾಗಿಲು ಬಡಿಯುತ್ತಿದ್ದಾರೆ, ಬ್ಯಾಂಡಿನ ಕೆಲಸದವರು ಒಳಗಿನಿಂದ ಬಾಗಿಲು ಒತ್ತಿ ಹಿಡಿದಿದ್ದಾರೆ, ಟೇಪ್ ಓಡುತ್ತಿದೆ! ಅಲ್ಲಿಂದ ಹೊರದಬ್ಬಿಸಿಕೊಂಡ ಮೇಲೆ, ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್ ಸಿಕ್ಕಿತು. ಅದರ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಸ್ಟುಡಿಯೋ ಮಾಡಿಕೊಂಡರು. ರೆಕಾರ್ಡ್ ಮಾಡುವ ಯಂತ್ರ ಇದ್ದದ್ದು ಹೊರಗೆ ನಿಂತ ಲಾರಿಯಲ್ಲಿ. ಅದು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ ಸಂಚಾರಿ ಸ್ಟುಡಿಯೋ. ನುಡಿಸಿದ್ದನ್ನು ಕೇಳಬೇಕು ಅಂದರೆ ಕೋಣೆಗಳನ್ನು ದಾಟಿ, ಬಾಲ್ಕನಿ ಹತ್ತಿಳಿದು, ಚಳಿಯಲ್ಲಿ ಅಲ್ಲಿಯ ತನಕ ಹೋಗಬೇಕು. ಸ್ವಲ್ಪ ದಿನದಲ್ಲೇ ಬೇಸತ್ತು ಕೇಳುವುದನ್ನೇ ಬಿಟ್ಟರು. ನುಡಿಸುವಾಗ ಚೆನ್ನಾಗಿದೆ ಅನ್ನಿಸಿದರೆ ಸರಿ, ಮುಂದಿನ ಹಾಡು.

ಈ ವಿವರ ಯಾಕೆ ಹೇಳಿದೆ ಅಂದರೆ, ಡೀಪ್ ಪರ್ಪಲ್ ಅನ್ನುವುದು ಮೂಲದಲ್ಲಿ ಒಂದು ಕೆಲಸದ ಕ್ರಮ. ಐದು ಜನ ಒಂದು ಕೋಣೆಯಲ್ಲಿ ನಿಂತು ಸುಮ್ನೆ ನುಡಿಸುತ್ತಾ ಹೋಗುವುದು. ಅದರಲ್ಲಿ ಒಂದು ತುಣುಕು ಹಿಡಿಸಿದರೆ ಅದನ್ನು ಬೆಳೆಸುವುದು. ಹಾಡಿನ ಮಾತು ಕೊನೆಗೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನಿನ ಧ್ವನಿಯನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದ್ದರು. ಅದರಿಂದ ಆರ್ಗನ್ ಕೂಡ ಗಿಟಾರಿನಷ್ಟೇ ಗೊರಗೊರ ಅನ್ನುತ್ತಿತ್ತು. ಎರಡರಲ್ಲಿ ಯಾವುದು ಯಾವುದು ಅಂತ ಎಷ್ಟೋ ಸಲ ಗೊತ್ತಾಗುವುದಿಲ್ಲ. ಇಂಥ ಬ್ಯಾಂಡಿನಲ್ಲಿ ಒಬ್ಬ ಹೋದರೆ ಒಂದು ವಾದ್ಯ ಮಾತ್ರ ಹೋಗುವುದಿಲ್ಲ. ಉಳಿದ ನಾಲ್ವರ ಮಾತುಕತೆಯೂ ಕೆಡುತ್ತದೆ.

ಇವರ ಮನೆಯಲ್ಲಿ ಹೋಗುವವರು, ಬರುವವರು ಮೊದಲಿನಿಂದಲೂ ಜಾಸ್ತಿ. 1968ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ನಲ್ಲಿ ಶುರುವಾದಾಗ ಗಾಯಕ ಬೇರೆ, ಬೇಸ್ ನುಡಿಸುವವರು ಬೇರೆ. 1969ರಲ್ಲಿ ಹಾಡಲು ಇಯನ್ ಗಿಲನ್, ಬೇಸ್ ನುಡಿಸಲು ರಾಜರ್ ಗ್ಲವರ್ ಬಂದರು. 1973ರಲ್ಲಿ ಇಬ್ಬರೂ ಹೊರಟರು. ಅವರ ಜಾಗಕ್ಕೆ ಡೇವಿಡ್ ಕವರ್ಡೇಲ್, ಗ್ಲೆನ್ ಹ್ಯೂಸ್ ಬಂದರು. ಕವರ್ಡೇಲ್‌ಗೆ ಆಗ 21-22 ವರ್ಷ, ಬಟ್ಟೆ ಅಂಗಡಿಯಲ್ಲಿ ಕೆಲಸ. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಮಾಂಟ್ರೂಗೆ ಹೋಗಿ ‘ಬರ್ನ್’ ರೆಕಾರ್ಡ್ ಮಾಡಿದರು. ಒಳ್ಳೆಯ ಆಲ್ಬಮ್. ಯಾಕೆ ಒಳ್ಳೆಯದು? ಹೊಸಬರಿಬ್ಬರೂ ಗಿಲನ್ ಹಾಗೆ ಕಿರುಚಲು ಹೋಗಲಿಲ್ಲ. ಒಬ್ಬರದು ದಪ್ಪ ಬ್ಲೂಸ್ ಕಂಠ, ಇನ್ನೊಬ್ಬರದು ಫಂಕ್ ಕಡೆಗೆ ವಾಲಿದ ತಾರ ಕಂಠ. ಎರಡೂ ಸೇರಿ ಬೇರೆಯದೇ ಬ್ಯಾಂಡ್ ಆಯಿತು.

1975ರಲ್ಲಿ ಬ್ಲ್ಯಾಕ್‌ಮೋರ್ ಮೊದಲ ಸಲ ಬಿಟ್ಟಾಗ ಬಂದವರು ಅಮೆರಿಕದ ಟಾಮಿ ಬೋಲಿನ್. ಅವರ ಜೊತೆ ಮ್ಯೂನಿಕ್‌ನಲ್ಲಿ ಮಾಡಿದ ‘ಕಮ್ ಟೇಸ್ಟ್ ದ ಬ್ಯಾಂಡ್’ ನನಗೆ ತುಂಬಾ ಇಷ್ಟ. ಆದರೆ ಕಚೇರಿಗೆ ಬಂದ ಜನ ಬ್ಲ್ಯಾಕ್‌ಮೋರ್ ಹೆಸರು ಕೂಗುತ್ತಿದ್ದರು. ಬೋಲಿನ್‌ಗೆ ಮಾದಕ ವಸ್ತುವಿನ ಚಟ ಬೇರೆ. 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಕೊನೆಯ ಕಚೇರಿ ಮುಗಿಸಿ ಬ್ಯಾಂಡ್ ಒಡೆಯಿತು. ಅದೇ ವರ್ಷ ಡಿಸೆಂಬರ್ 4ರಂದು ಬೋಲಿನ್ ತೀರಿಕೊಂಡರು. ಕ್ಯಾಸಿನೋ ಸುಟ್ಟ ದಿನಕ್ಕೆ ಸರಿಯಾಗಿ ಐದು ವರ್ಷ. ಅವರಿಗೆ 25 ತುಂಬಿತ್ತು ಅಷ್ಟೇ.

1984ರಲ್ಲಿ ‘ಮಷೀನ್ ಹೆಡ್’ ಮಾಡಿದ್ದ ಹಳೆಯ ಐವರು ಮತ್ತೆ ಒಂದಾದರು. ಅಮೆರಿಕದ ವರ್ಮಾಂಟ್‌ನಲ್ಲಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಮಾಡಿದರು. ಜನ ಕುಣಿದಾಡಿದರು. ಆದರೆ ಹಳೆಯ ಗೆಳೆಯರು ಸೇರಿದರೆ ಹಳೆಯ ಜಗಳವೂ ಸೇರುತ್ತದೆ ಅಲ್ವಾ? ಗಿಲನ್ ಮತ್ತು ಬ್ಲ್ಯಾಕ್‌ಮೋರ್ ನಡುವೆ ಸರಿ ಹೋಗಲೇ ಇಲ್ಲ. 1989ರಲ್ಲಿ ಗಿಲನ್ ಅವರನ್ನು ತೆಗೆದರು. ಬದಲಿಗೆ ಯಾರನ್ನು ತಂದರು ನೋಡಿ: ಜೋ ಲಿನ್ ಟರ್ನರ್. ಇವರು ಬ್ಲ್ಯಾಕ್‌ಮೋರ್ ಅವರದೇ ಬೇರೆ ಬ್ಯಾಂಡ್ ‘ರೇನ್‌ಬೋ’ದ ಗಾಯಕ. ಗ್ಲವರ್ ಕೂಡ ಅಲ್ಲಿ ಇದ್ದವರೇ. ಅಂದರೆ ಐದರಲ್ಲಿ ಮೂವರು ರೇನ್‌ಬೋದವರು! 1990ರ ‘ಸ್ಲೇವ್ಸ್ ಅಂಡ್ ಮಾಸ್ಟರ್ಸ್’ ಕೇಳಿದರೆ ಅದು ರೇನ್‌ಬೋ ಆಲ್ಬಮ್ ಹಾಗೇ ಇದೆ. ಟರ್ನರ್ ಕೆಟ್ಟ ಗಾಯಕ ಏನಲ್ಲ. ಹೊಸಬ ಅಂತ ಬಂದವರು ನಿಜವಾಗಿ ಹೊಸಬ ಆಗಿರಲಿಲ್ಲ, ಅದೇ ತೊಂದರೆ.

25ನೇ ವರ್ಷಕ್ಕೆ ಹಳೆಯ ಐವರೇ ಬೇಕು ಎಂದು ರೆಕಾರ್ಡ್ ಕಂಪನಿ ಹಟ ಹಿಡಿಯಿತು. ಗಿಲನ್ ಮತ್ತೆ ಬಂದರು. 1993ರಲ್ಲಿ ‘ದ ಬ್ಯಾಟಲ್ ರೇಜಸ್ ಆನ್’ ಬಂತು. ಟರ್ನರ್‌ಗಾಗಿ ಮಾಡಿದ್ದ ಸಂಗೀತಕ್ಕೆ ಗಿಲನ್ ಹೊಸ ಮಾತು, ಹೊಸ ಧಾಟಿ ಕೊಟ್ಟದ್ದು ಬ್ಲ್ಯಾಕ್‌ಮೋರ್‌ಗೆ ಹಿಡಿಸಲಿಲ್ಲ. ನವೆಂಬರ್ 9ರಂದು ಬರ್ಮಿಂಗ್‌ಹ್ಯಾಮ್ ಕಚೇರಿಯ ಚಿತ್ರೀಕರಣ ಇತ್ತು. ಮೊದಲ ಹಾಡು ಶುರುವಾದಾಗ ವೇದಿಕೆ ಮೇಲೆ ಗಿಟಾರಿಸ್ಟೇ ಇಲ್ಲ. ತಡವಾಗಿ ಬಂದವರು ಕ್ಯಾಮೆರಾ ಕಡೆಗೆ ನೀರು ಎರಚಿದರು. ಆ ವಿಡಿಯೋ ಇವತ್ತೂ ಸಿಗುತ್ತದೆ. ನೋಡುವುದಕ್ಕೇ ಮುಜುಗರ ಆಗುತ್ತದೆ. ಆದರೂ ನಡುನಡುವೆ ಆ ಮನುಷ್ಯ ನುಡಿಸಿದ್ದಾರಲ್ಲ, ಅದನ್ನು ಕೇಳಿದರೆ ಬೈಯಲು ಬಾಯಿ ಬರುವುದಿಲ್ಲ.

ಜಪಾನ್ ಕಚೇರಿಗಳನ್ನು ಉಳಿಸಿದವರು ಜೋ ಸಾಟ್ರಿಯಾನಿ. ಆ ಹೊತ್ತಿಗೇ ಸ್ವಂತ ಹೆಸರಿನಲ್ಲಿ ದೊಡ್ಡ ಗಿಟಾರಿಸ್ಟ್. 1994ರ ಬೇಸಿಗೆಯಲ್ಲಿ ಯುರೋಪ್ ಪ್ರವಾಸವನ್ನೂ ಮುಗಿಸಿಕೊಟ್ಟರು. ಕಾಯಂ ಆಗಿ ಇರಿ ಎಂದರೆ ಅವರಿಗೆ ಬೇರೆ ಕಂಪನಿಯ ಜೊತೆ ಒಪ್ಪಂದ ಇತ್ತು. ಅವರು ಇದ್ದಿದ್ದರೆ ಏನಾಗುತ್ತಿತ್ತು ಅಂತ ಜನ ಈಗಲೂ ವಾದ ಮಾಡುತ್ತಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ.

ಆಮೇಲೆ ಬಂದವರು ಸ್ಟೀವ್ ಮೋರ್ಸ್. ಅಮೆರಿಕದವರು, ಆಗ 40 ವರ್ಷ. ಮಯಾಮಿ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದವರು. ‘ಡಿಕ್ಸಿ ಡ್ರೆಗ್ಸ್’ ಅನ್ನುವ ಅವರ ಬ್ಯಾಂಡ್ ಜ್ಯಾಝ್, ಹಳ್ಳಿ ಸಂಗೀತ, ರಾಕ್ ಎಲ್ಲವನ್ನೂ ಬೆರೆಸುತ್ತಿತ್ತು. ‘ಕ್ಯಾನ್ಸಾಸ್’ ಬ್ಯಾಂಡಿನಲ್ಲೂ ಇದ್ದರು. ‘ಗಿಟಾರ್ ಪ್ಲೇಯರ್’ ಪತ್ರಿಕೆಯ ಓದುಗರು ಅವರನ್ನು ಸತತ ಐದು ವರ್ಷ ಅತ್ಯುತ್ತಮ ಗಿಟಾರಿಸ್ಟ್ ಎಂದು ಆರಿಸಿದ್ದರು. ಇಷ್ಟಾದರೂ ನಡುವೆ ಸಂಗೀತದ ವ್ಯವಹಾರ ಸಾಕಾಗಿ ವಿಮಾನ ಕಂಪನಿಯೊಂದರಲ್ಲಿ ಪೈಲಟ್ ಕೆಲಸ ಮಾಡಿದ್ದರು. ಬ್ಲ್ಯಾಕ್‌ಮೋರ್‌ಗೂ ಇವರಿಗೂ ಸ್ವಭಾವದಲ್ಲಿ ಅಜಗಜಾಂತರ. ಬ್ಲ್ಯಾಕ್‌ಮೋರ್ ನಾಟಕೀಯ, ಮುನಿಸಿನ ಮನುಷ್ಯ. ಹತ್ತು ಸ್ವರ ನುಡಿಸಿ, ಹನ್ನೊಂದನೆಯದಕ್ಕೆ ಕಾಯಿಸುವವರು. ಮೋರ್ಸ್ ಶಿಸ್ತಿನ ಮನುಷ್ಯ. ಪ್ರತಿ ಸ್ವರವನ್ನೂ ಪಿಕ್‌ನಿಂದ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಿಡಿಬಿಡಿಯಾಗಿ, ಮೇಲೆ ಕೆಳಗೆ ಮಾಡಿ ನುಡಿಸುವವರು.

ಇಂಥವರನ್ನು ಕರೆದು ‘ಬ್ಲ್ಯಾಕ್‌ಮೋರ್ ಹಾಗೆ ನುಡಿಸಿ’ ಅನ್ನಬಹುದಿತ್ತು. ಅವರು ನುಡಿಸಿಯೂ ಬಿಡುತ್ತಿದ್ದರು. ಬ್ಯಾಂಡ್ ಹಾಗೆ ಕೇಳಲಿಲ್ಲ. ಅಲ್ಲೇ ಎಲ್ಲ ನಿರ್ಧಾರ ಆಯಿತು. 1994ರ ನವೆಂಬರ್‌ನಲ್ಲಿ ಮೆಕ್ಸಿಕೋದಲ್ಲಿ ಮೊದಲ ಕಚೇರಿಗಳು. ಮುಂದಿನ ವರ್ಷ ಫ್ಲಾರಿಡಾದ ಒರ್ಲ್ಯಾಂಡೋ ಹತ್ತಿರದ ಗ್ರೆಗ್ ರೈಕ್ ಸ್ಟುಡಿಯೋದಲ್ಲಿ ಆಲ್ಬಮ್ ಕೆಲಸ.

ಆ ಕೆಲಸದ ನಡುವೆ, 1995ರ ಏಪ್ರಿಲ್ 8ರಂದು, ಬ್ಯಾಂಡ್ ಮುಂಬೈನ ಅಂಧೇರಿ ಕ್ರೀಡಾ ಸಂಕೀರ್ಣದಲ್ಲಿ ನುಡಿಸಿತು. ಆಗಿನ್ನೂ ಊರಿನ ಹೆಸರು ಬಾಂಬೆ. ಆ ಕಚೇರಿಯ ಚಿತ್ರೀಕರಣ ‘ಬಾಂಬೆ ಕಾಲಿಂಗ್’ ಅಂತ ಆಮೇಲೆ ಹೊರಬಂತು. ‘ಚೈಲ್ಡ್ ಇನ್ ಟೈಮ್’, ‘ಸ್ಮೋಕ್ ಆನ್ ದ ವಾಟರ್’ ಎಲ್ಲ ಇವೆ. ಅವುಗಳ ನಡುವೆ ಯಾರೂ ಕೇಳಿರದ ಎರಡು ಹಾಡು. ಒಂದು ‘ಕೆನ್ ದ ಮೆಕ್ಯಾನಿಕ್’. ಆಲ್ಬಮ್ ಹೊರಬರುವಷ್ಟರಲ್ಲಿ ಈ ಕೆನ್ ಅನ್ನುವವನು ಟೆಡ್ ಆಗಿಬಿಟ್ಟಿದ್ದ: ‘ವವೂಮ್: ಟೆಡ್ ದ ಮೆಕ್ಯಾನಿಕ್’. ಇನ್ನೊಂದು ‘ದ ಪರ್ಪೆಂಡಿಕ್ಯುಲರ್ ವಾಲ್ಟ್ಜ್’. ಅಂದರೆ ಹಾಡುಗಳು ಇನ್ನೂ ಹಸಿಯಾಗಿ ಇದ್ದಾಗಲೇ ನಮ್ಮ ದೇಶದ ಜನ ಅವನ್ನು ಕೇಳಿದ್ದರು. ಆಲ್ಬಮ್ ಬರಲು ಇನ್ನೂ ಹತ್ತು ತಿಂಗಳು ಇತ್ತು.

ಆ ವಿಡಿಯೋವನ್ನು ಬರ್ಮಿಂಗ್‌ಹ್ಯಾಮ್ ವಿಡಿಯೋದ ಪಕ್ಕದಲ್ಲಿ ಇಟ್ಟು ನೋಡಿ. ಎರಡರ ನಡುವೆ ಇರುವುದು ಒಂದೂವರೆ ವರ್ಷ. ನಾಲ್ವರು ಅದೇ ಜನ. ಆದರೆ ಜಾನ್ ಲಾರ್ಡ್ ನಗುತ್ತಿದ್ದಾರೆ. ಆರ್ಗನ್ ಒಂದು ಸಾಲು ನುಡಿಸಿದರೆ ಗಿಟಾರ್ ಅದನ್ನು ಹಿಡಿದು ತಿರುಗಿಸಿ ವಾಪಸ್ ಕೊಡುತ್ತದೆ. ಸೋಲೋ ಬಂದಾಗ ಉಳಿದವರು ಇವನು ಏನು ಮಾಡುತ್ತಾನೋ ಅಂತ ಹೆದರಿ ನೋಡುವುದಿಲ್ಲ, ಕುತೂಹಲದಿಂದ ನೋಡುತ್ತಾರೆ.

(ಇಲ್ಲಿ ‘ವವೂಮ್: ಟೆಡ್ ದ ಮೆಕ್ಯಾನಿಕ್’ ಹಾಡಿನ ಮೊದಲ ಭಾಗ ಕೇಳಿಸಲಾಯಿತು.)

ಕೇಳಿದಿರಲ್ಲ. ನಡುನಡುವೆ ಗಿಟಾರ್ ಚೀರಿದ ಹಾಗೆ ಮೇಲಕ್ಕೆ ಹಾರುತ್ತದೆ. ಪಿಕ್ ತಂತಿಯನ್ನು ಮೀಟಿದ ಕೂಡಲೇ ಹೆಬ್ಬೆರಳ ಅಂಚು ತಂತಿಗೆ ಸ್ವಲ್ಪ ತಾಗಿಸಿದರೆ ಹಾಗೆ ಬರುತ್ತದೆ. ಬ್ಲ್ಯಾಕ್‌ಮೋರ್ ಶೈಲಿ ಇದಲ್ಲ. ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಇದನ್ನು ಇಟ್ಟಿದ್ದಾರೆ. ಬಾಗಿಲು ತೆಗೆದ ಕೂಡಲೇ ಹೊಸಬ ಎದುರಿಗೆ ನಿಂತಿರಲಿ ಅಂತ. ಗಿಲನ್ ಹಾಡುವುದನ್ನೂ ಗಮನಿಸಿ. ಕಿರುಚಾಟ ಇಲ್ಲ. ಯಾರೋ ಮೆಕ್ಯಾನಿಕ್ ಎದುರು ಕೂತು ಊರ ಸುದ್ದಿ ಹೇಳಿದ ಹಾಗೆ, ಅರ್ಧ ಮಾತು ಅರ್ಧ ಹಾಡು. ಆಗ ಅವರಿಗೆ 49. ಇಪ್ಪತ್ತೈದರ ಹುಡುಗನ ಕಂಠ ಈಗ ಇಲ್ಲ ಅನ್ನುವುದನ್ನು ಒಪ್ಪಿಕೊಂಡು, ಇರುವ ಕಂಠದಲ್ಲಿ ಏನು ಮಾಡಬಹುದು ಅಂತ ಹುಡುಕಿದ್ದಾರೆ. ಗಿಟಾರಿಸ್ಟ್ ಬದಲಾದದ್ದರಿಂದ ಗಾಯಕನಿಗೂ ಬದಲಾಗಲು ಅವಕಾಶ ಸಿಕ್ಕಿತು. ನನಗೆ ಈ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು.

‘ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್’ ಏಳು ನಿಮಿಷಕ್ಕೂ ಜಾಸ್ತಿ ಇದೆ. ಬಿಡಿಬಿಡಿಯಾದ ಮೆತ್ತನೆಯ ಸ್ವರಗಳಿಂದ ಶುರುವಾಗಿ, ನಿಧಾನಕ್ಕೆ ಭಾರ ಏರುತ್ತಾ ಹೋಗುತ್ತದೆ. ಇದು ಹಳೆಯ ಡೀಪ್ ಪರ್ಪಲ್ ಬರೆಯಬಹುದಾಗಿದ್ದ ಹಾಡಲ್ಲ. ‘ದ ಏವಿಯೇಟರ್’ ಕೇಳಿದರೆ ಐರಿಶ್ ಹಳ್ಳಿ ಹಾಡಿನ ಗಾಳಿ. ಹಾರ್ಡ್ ರಾಕ್ ಬ್ಯಾಂಡಿನಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದು ವಿಮಾನ ಹಾರಿಸುವವನ ಹಾಡು! ಹೊಸಬ ತನ್ನ ಪೈಲಟ್ ಜೀವನವನ್ನೂ ಹೊತ್ತುಕೊಂಡು ಬಂದ ಹಾಗಾಯಿತು. ‘ಕ್ಯಾಸ್ಕೇಡ್ಸ್’ ಹಾಡಿನಲ್ಲಿ ಮಾತ್ರ ಆರ್ಗನ್, ಗಿಟಾರ್ ಜೊತೆಜೊತೆಯಾಗಿ ಓಡುವ ಹಳೆಯ ಆಟ ಇದೆ. ಹಳೆಯ ಅಭಿಮಾನಿಗಳಿಗೆ ಅಲ್ಲಿ ನೆಮ್ಮದಿ ಸಿಗುತ್ತದೆ.

ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. ಹನ್ನೆರಡು ಹಾಡು, ಒಂದು ಗಂಟೆಗೂ ಜಾಸ್ತಿ. ಸಿಡಿ ಬಂದ ಮೇಲೆ ಎಲ್ಲರಿಗೂ ಬಂದ ರೋಗ ಇದು. ಜಾಗ ಇದೆ ಅಂತ ತುಂಬುವುದು. ‘ಮಷೀನ್ ಹೆಡ್’ನಲ್ಲಿ ಏಳೇ ಹಾಡು, 40 ನಿಮಿಷದ ಒಳಗೆ ಮುಗಿಯುತ್ತದೆ. ‘ಸೂನ್ ಫರ್ಗಾಟನ್’ ಅನ್ನುವ ಹಾಡನ್ನು ಅದರ ಹೆಸರಿಗೆ ತಕ್ಕ ಹಾಗೆ ನಾನು ಮರೆತರೂ ನಡೆಯುತ್ತದೆ.

ಇನ್ನೊಂದು ವಿಷಯ. ಈ ಆಲ್ಬಮ್ಮಿನ ಎಲ್ಲ ಹಾಡುಗಳ ಕೆಳಗೂ ಐವರ ಹೆಸರಿದೆ. ನಿನ್ನೆ ಬಂದ ಮೋರ್ಸ್‌ಗೂ 1968ರಿಂದ ಇರುವ ಡ್ರಮ್ಮರ್ ಇಯನ್ ಪೇಸ್‌ಗೂ ಒಂದೇ ಪಾಲು. ಇದು ಬರೀ ಗೌರವದ ಮಾತಲ್ಲ, ದುಡ್ಡಿನ ಮಾತು. ‘ಬರ್ನ್’ ಬಂದಾಗ ಗ್ಲೆನ್ ಹ್ಯೂಸ್ ಹೆಸರು ಹಾಡುಗಳ ಕೆಳಗೆ ಇರಲಿಲ್ಲ. ಬೇರೆ ಒಪ್ಪಂದದ ತೊಡಕು ಅಂತ ಕಾರಣ ಇತ್ತು. ಪಾಲು ಸಮ ಇದ್ದರೆ ಯಾರ ತುಣುಕು ಆಯ್ಕೆಯಾಯಿತು ಅಂತ ಜಗಳ ಆಗುವುದಿಲ್ಲ. ಹಾಡಿಗೆ ಒಳ್ಳೆಯದು ಯಾವುದು ಅಂತ ನೋಡಬಹುದು. ಗಿಲನ್ ಸಂದರ್ಶನಗಳಲ್ಲಿ ತಮ್ಮ ದಿನಚರಿ ಹೇಳುತ್ತಾರೆ: ಮಧ್ಯಾಹ್ನ 12ಕ್ಕೆ ಶುರು, ಸಂಜೆ 6ಕ್ಕೆ ಮುಗಿತು. ಆಫೀಸಿಗೆ ಹೋದ ಹಾಗೆ ಹೋಗಿ, ಸುಮ್ನೆ ನುಡಿಸುವುದು.

ಮುಂದಿನ ಕಥೆ ಬೇಗ ಹೇಳುತ್ತೇನೆ. 2002ರಲ್ಲಿ ಜಾನ್ ಲಾರ್ಡ್ ಪ್ರವಾಸ ಸಾಕು ಎಂದು ನಿವೃತ್ತರಾದರು. ಅವರ ಜಾಗದಲ್ಲಿ ಆರ್ಗನ್ ನುಡಿಸಲು ಡಾನ್ ಏರಿ ಬಂದರು. ಅದು ಜಗಳ ಇಲ್ಲದೆ ಆದ ಬದಲಾವಣೆ. 2012ರ ಜುಲೈ 16ರಂದು ಲಾರ್ಡ್ ತೀರಿಕೊಂಡರು. ಮರುವರ್ಷದ ‘ನೌ ವಾಟ್?!’ ಆಲ್ಬಮ್ಮಿನಲ್ಲಿ ಅವರಿಗಾಗಿ ‘ಅನ್‌ಕಾಮನ್ ಮ್ಯಾನ್’ ಅನ್ನುವ ಹಾಡಿದೆ. ಆ ಆಲ್ಬಮ್ಮಿನಿಂದ ನಿರ್ಮಾಪಕರು ಬಾಬ್ ಎಜ್ರಿನ್. ಕಚೇರಿಯೊಂದರಲ್ಲಿ ಇವರು ಮನಸ್ಸು ಬಿಚ್ಚಿ ನುಡಿಸುವುದನ್ನು ನೋಡಿ, ರೇಡಿಯೋದ ಚಿಂತೆ ಬಿಟ್ಟು ಸ್ಟುಡಿಯೋದಲ್ಲೂ ಹೀಗೇ ನುಡಿಸಿ ಅಂದರಂತೆ. ಕಾರಿಡಾರಿನಲ್ಲಿ ಹಾಸಿಗೆ ಒರಗಿಸಿಕೊಂಡು ಮಾಡಿದ ಕೆಲಸವನ್ನೇ ಇನ್ನೊಬ್ಬರು ಬಂದು ನೆನಪಿಸಬೇಕಾಯಿತು.

2022ರಲ್ಲಿ ಮೋರ್ಸ್ ಹೊರಟರು. ಹೆಂಡತಿಗೆ ಕ್ಯಾನ್ಸರ್. ಅವರ ಜೊತೆ ಇರಬೇಕು ಎಂದು ಬಿಟ್ಟರು. ಬ್ಲ್ಯಾಕ್‌ಮೋರ್‌ಗಿಂತ ಜಾಸ್ತಿ ಕಾಲ, ಹೆಚ್ಚುಕಡಿಮೆ 28 ವರ್ಷ, ಈ ಬ್ಯಾಂಡಿನ ಗಿಟಾರಿಸ್ಟ್ ಆಗಿದ್ದವರು ಅವರು. ಆ ಜಾಗಕ್ಕೆ ಬೆಲ್ಫಾಸ್ಟ್‌ನ ಸೈಮನ್ ಮೆಕ್‌ಬ್ರೈಡ್ ಬಂದರು. ಹುಟ್ಟಿದ್ದು 1979ರಲ್ಲಿ, ಅಂದರೆ ‘ಮಷೀನ್ ಹೆಡ್’ ಬಂದ ಏಳು ವರ್ಷದ ಮೇಲೆ. ಗಿಲನ್ ಜೊತೆಗೂ, ಏರಿ ಜೊತೆಗೂ ಮೊದಲೇ ನುಡಿಸಿದ್ದರಿಂದ ಮನೆಯ ಪರಿಚಯ ಇತ್ತು. 2024ರ ಜುಲೈನಲ್ಲಿ ‘ಈಕ್ವಲ್ಸ್ ಒನ್’ ಬಂತು. ‘ಪೋರ್ಟಬಲ್ ಡೋರ್’ ಕೇಳಿ. ಚಿಕ್ಕದು, ಗಟ್ಟಿಯಾದದ್ದು, ಆರ್ಗನ್ನಿಗೂ ಗಿಟಾರಿಗೂ ಮತ್ತೆ ಹಳೆಯ ಜಿದ್ದು. ಮೆಕ್‌ಬ್ರೈಡ್ ಮೋರ್ಸ್‌ಗಿಂತ ಒರಟು, ಬ್ಲೂಸ್ ಕಡೆಯವರು. ಅವರಿಗೂ ಯಾರ ಹಾಗೂ ನುಡಿಸು ಅಂತ ಹೇಳಿದಂತೆ ಕಾಣುವುದಿಲ್ಲ.

ನನ್ನ ಮಾತು ಇಷ್ಟು. ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಬ್ಲ್ಯಾಕ್‌ಮೋರ್ ಇಲ್ಲದೆ ಆ ಹೆಸರು ಇಟ್ಟುಕೊಳ್ಳುವುದು ಸರಿಯಾ ಎಂದು ಒಬ್ಬರು ಕೇಳಿದರು. ಸ್ವಲ್ಪ ಖಾರವಾಗಿಯೇ ಕೇಳಿದರು. ನಾನು ಹೇಳಿದ್ದು: ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾದರೆ ಪ್ರಸಂಗದ ರುಚಿ ಬದಲಾಗುತ್ತದೆ, ಹಳಬರು ಗೊಣಗುತ್ತಾರೆ, ಆದರೂ ಮೇಳದ ಹೆಸರು ಬದಲಾಗುವುದಿಲ್ಲ. ಇಲ್ಲಿ ಡ್ರಮ್ಸ್ ಹಿಂದೆ ಮೊದಲ ದಿನದಿಂದ ಇವತ್ತಿನ ತನಕ ಇಯನ್ ಪೇಸ್ ಕೂತಿದ್ದಾರೆ. ಎಲ್ಲ ಆಲ್ಬಮ್ಮುಗಳಲ್ಲೂ ಇರುವವರು ಅವರೊಬ್ಬರೇ. ಹೆಸರಿನ ಬಗ್ಗೆ ತಕರಾರು ಮಾಡುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ. ಪ್ರಶ್ನೆ ಕೇಳಿದವರು ಒಪ್ಪಲಿಲ್ಲ. ಪರವಾಗಿಲ್ಲ.

ಇನ್ನೊಬ್ಬರು, ಇಪ್ಪತ್ತರ ಹುಡುಗಿ, ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರು. ‘ಪರ್ಪೆಂಡಿಕ್ಯುಲರ್’ ಅನ್ನು ಮೊದಲಿನಿಂದ ಕೊನೆಯ ತನಕ ಒಂದೇ ಸಲ ಕೇಳಲು ಹೋಗಬೇಡಿ, ಬೇಸರ ಬರುತ್ತದೆ. ಮೊದಲು 1993ರ ಆಲ್ಬಮ್ಮಿನಿಂದ ‘ಆನ್ಯಾ’ ಕೇಳಿ. ಬ್ಲ್ಯಾಕ್‌ಮೋರ್ ಹೋಗುವ ಮೊದಲು ಎಂಥ ಹಾಡು ಬಿಟ್ಟುಹೋದರು ಅಂತ ಗೊತ್ತಾಗಲಿ. ಆಮೇಲೆ ‘ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್’. ಅದು ಹಿಡಿಸಿದರೆ ಬಾಂಬೆ ಕಚೇರಿಯ ವಿಡಿಯೋ ಹುಡುಕಿ. ಅದರಲ್ಲಿ ‘ಆನ್ಯಾ’ವನ್ನು ಮೋರ್ಸ್ ನುಡಿಸಿದ್ದಾರೆ. ಎರಡನ್ನೂ ಹೋಲಿಸಿ, ಯಾವುದು ಇಷ್ಟವಾಯಿತು ಅಂತ ನನಗೂ ಹೇಳಿ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇನ್ನೂ ಒಳ್ಳೆಯದು, ಗ್ಲವರ್ ಅವರ ಬೇಸ್ ಫೋನಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ.